ಸದಾಶಿವ ಸರ್ ಅವರ ಮೂಗು

ಜಮಖಂಡಿಯ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು ಓದಿದ್ದೆಲ್ಲ ಮರೆತಿರಬಹುದು, ಸದಾಶಿವ ಸರ್ ಅವರ ಮೂಗನ್ನು ಮರೆತಿರಲಿಕ್ಕಿಲ್ಲ. ನೋಡಲಿಕ್ಕೆ ಸಾಧಾರಣ ಮೂಗೇ. ತುದಿ ಸ್ವಲ್ಪ ಬಾಗಿದೆ, ಎಡಗಡೆ ಒಂದು ಮಚ್ಚೆಯಿದೆ, ಅಷ್ಟೆ. ಆದರೆ ಅದರ ಜಂಬವನ್ನು ಹೊರಲಿಕ್ಕೆ ಇನ್ನೊಂದು ಆಳು ಬೇಕಿತ್ತು.

ಲ್ಯಾಬಿನಲ್ಲಿ ಹುಡುಗರು ಟೆಸ್ಟ್ ಟ್ಯೂಬ್ ಹಿಡಿದು ಎದುರು ನಿಂತರೆ ಸರ್ ಕಣ್ಣು ಮುಚ್ಚುತ್ತಿದ್ದರು. ಟ್ಯೂಬಿನ ಬಾಯಿಯ ಮೇಲಿನ ಗಾಳಿಯನ್ನು ಕೈಯಿಂದ ಮೆಲ್ಲಗೆ ಮೂಗಿನ ಕಡೆ ಬೀಸಿಕೊಂಡು, ಒಳಗೆ ಯಾವ ಲವಣವಿದೆಯೆಂದು ಹೇಳಿಬಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ವಿದ್ಯೆ ಎನ್ನಬಹುದಿತ್ತು. ಬಿಡುತ್ತಿರಲಿಲ್ಲ. ತಮಗೆ ಬಂದದ್ದು ಎಲ್ಲರಿಗೂ ಬರಬೇಕು, ಬಾರದವರು ಎಲ್ಲರೆದುರು ಸಾಯಬೇಕು, ಇದು ಅವರ ಪಾಠದ ಕ್ರಮ. ವಾಸನೆ ಗುರುತಿಸದ ಹುಡುಗನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕೈಗೆ ಅಮೋನಿಯಾ ಬಾಟಲಿ ಕೊಟ್ಟು, "ಮೂಸು. ಮೂಗು ಅದ ಅಂತ ಖಾತ್ರಿ ಆಗೂತನಕಾ ಮೂಸು" ಎನ್ನುತ್ತಿದ್ದರು. ಹುಡುಗ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುವಾಗ ಉಳಿದವರು ನಗಬೇಕು. ನಗದವರ ಸರದಿ ನಾಳೆ ಬರುತ್ತಿತ್ತು.

ಬನಹಟ್ಟಿಯ ಪ್ರೀತಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಬಂದಾಗ ಆಗಿದ್ದೂ ಇದೇ. ಮನೆಯಲ್ಲೇ ಪವರ್‌ಲೂಮ್ ಮಗ್ಗಗಳಿದ್ದವು. ಅವಳು ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಅವುಗಳ ಸದ್ದಿನಲ್ಲೇ, ಅವುಗಳ ಎಣ್ಣೆ ಜಿಡ್ಡಿನ ಪಕ್ಕದಲ್ಲೇ. ಸರ್ ಕೊಟ್ಟ ಟ್ಯೂಬನ್ನು ಎರಡು ಸಲ ಮೂಸಿ, "ಗೊತ್ತಾಗವಲ್ದರಿ ಸರ್" ಎಂದಳು.

"ಹೆಂಗ ಗೊತ್ತಾಗಬೇಕು? ಮಗ್ಗದ ಎಣ್ಣಿ ನಾತದಾಗ ಬೆಳದಾಕಿಗೆ ಮೂಗು ಎಲ್ಲಿಂದ ಬರಬೇಕು?" ಎಂದರು ಸರ್. ಅವಳನ್ನೂ ಸ್ಟೂಲು ಹತ್ತಿಸಿದರು. ಅವತ್ತಿನಿಂದ ಹಾಜರಿ ಕರೆಯುವಾಗಲೂ ಅವಳಿಗೆ ಹೆಸರು ಉಳಿಯಲಿಲ್ಲ. "ಎಲ್ಲಿ, ಮೂಗಿಲ್ಲದಾಕಿ ಬಂದಾಳೇನು?" ಎನ್ನುತ್ತಿದ್ದರು. ಅವಳು "ಬಂದೇನ್ರಿ ಸರ್" ಎನ್ನಬೇಕು. ಅಂದಳು ಕೂಡ, ವರ್ಷಗಟ್ಟಲೆ.

ಮನೆಯಲ್ಲೂ ಆ ಮೂಗಿಗೆ ರಜೆಯಿರಲಿಲ್ಲ. ಹೆಂಡತಿ ತುಳಸಾಬಾಯಿ ಮದುವೆಯಾಗಿ ಬಂದ ಹೊಸದರಲ್ಲೇ ಸರ್ ತಾಟು ಮೂಗಿನ ಹತ್ತಿರ ಎತ್ತಿ, "ಇಂಗು ಹೆಚ್ಚಾಗೇದ" ಎಂದು ಸಾರನ್ನು ವಾಪಸು ಕಳಿಸಿದ್ದರು. ಆಮೇಲೆ ಆ ತಾಟು ಎಷ್ಟು ಸಲ ಅಡುಗೆಮನೆಗೆ ತಿರುಗಿ ಹೋಯಿತೋ ತುಳಸಾಬಾಯಿಯೂ ಲೆಕ್ಕವಿಟ್ಟಿಲ್ಲ. ಅವಳು ಬಡಿಸಿ, ಪಕ್ಕಕ್ಕೆ ನಿಂತು, ಮೊದಲು ಗಂಡನ ಮೂಗನ್ನೇ ನೋಡುತ್ತಿದ್ದಳು. ಅದು ಸುಕ್ಕಾಗದಿದ್ದರೆ ಆ ಹೊತ್ತು ಪಾರಾದಂತೆ.

ಕೊರೊನಾ ಬಂತು. ಸರ್‌ಗೆ ಜ್ವರ ಬಂದು ಒಂದು ವಾರ ಮಲಗಿದರು, ಎದ್ದರು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಜ್ವರ ಹೋಗುವಾಗ ಮೂಗನ್ನು ಎತ್ತಿಕೊಂಡು ಹೋಗಿತ್ತು, ನಾಲಿಗೆಯನ್ನೂ ಬಿಟ್ಟಿರಲಿಲ್ಲ. ಮೊದಲು ಚಹಾ ಬರೀ ಬಿಸಿನೀರಾಯಿತು. ಗಾಬರಿಯಾಗಿ ಕರ್ಪೂರ ಮೂಸಿದರು, ಇಂಗಿನ ಡಬ್ಬಿಗೆ ಮುಖ ಹಾಕಿದರು. ಕೊನೆಗೆ ಲ್ಯಾಬಿನ ಜವಾನ ಮುರಗೆಪ್ಪನಿಂದ ಅಮೋನಿಯಾ ಬಾಟಲಿ ತರಿಸಿಕೊಂಡು, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮೂಸಿದರು. ಕಣ್ಣಲ್ಲಿ ನೀರು ಸುರಿಯಿತು, ಗಂಟಲು ಉರಿಯಿತು, ವಾಸನೆ ಮಾತ್ರ ಎಳ್ಳಷ್ಟೂ ಬರಲಿಲ್ಲ. ಡಾಕ್ಟರು, "ಬರ್ತದ್ರಿ, ತಡಾ ಆಗ್ತದ" ಎಂದರು. ಊರಲ್ಲಿ ಎಷ್ಟೋ ಜನರಿಗೆ ತಿರುಗಿ ಬಂತು. ವರ್ಷವಾಗುತ್ತ ಬಂದರೂ ಸರ್‌ಗೆ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೀಗಾಗಿದೆ ಎಂದು ನಾಲ್ಕು ಜನರೆದುರು ಹೇಳಿಕೊಂಡು ಹಗುರಾಗುತ್ತಿದ್ದರು. ಸದಾಶಿವ ಸರ್ ಹೇಗೆ ಹೇಳಬೇಕು? ಹೇಳಿದರೆ ಸ್ಟೂಲು ಹತ್ತಿಸಿಕೊಂಡವರೆಲ್ಲ ಒಂದೇ ದಿನ ನಗುತ್ತಾರೆ. ಆ ನಗು ಅವರಿಗೆ ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು. ಸತ್ತರೂ ಈ ಸುದ್ದಿ ಮನೆಯ ಹೊಸ್ತಿಲು ದಾಟಬಾರದು ಎಂದು ಹೆಂಡತಿಯಿಂದ ಆಣೆ ಮಾಡಿಸಿಕೊಂಡರು.

ದೇವರು ಒಂದು ದಯೆ ತೋರಿಸಿದ್ದ. ಕಾಲೇಜು ಮುಚ್ಚಿತ್ತು. ಪಾಠವೆಲ್ಲ ಫೋನಿನಲ್ಲಿ, ಲ್ಯಾಬು ಕೂಡ ಫೋನಿನಲ್ಲಿ. ಮುರಗೆಪ್ಪ ಲವಣಗಳನ್ನು ಭಸ್ಮದ ಪೊಟ್ಟಣದಂತೆ ಕಟ್ಟಿ ಹಾಲಿನ ಗಾಡಿಯವರ ಕೈಯಲ್ಲಿ ಊರೂರಿಗೆ ಕಳಿಸುತ್ತಿದ್ದ. ಹುಡುಗರು ತಮ್ಮ ತಮ್ಮ ಅಡುಗೆಮನೆಯಲ್ಲಿ ಕೂತು, ಸರ್ ಮಾಡಿ ತೋರಿಸಿದ್ದನ್ನು ಮಾಡಬೇಕು. ಸರ್ ಲ್ಯಾಬಿನ ಕಬ್ಬಿಣದ ಸ್ಟ್ಯಾಂಡನ್ನು ಮನೆಗೆ ತಂದು ಅದಕ್ಕೆ ಫೋನು ಕಟ್ಟಿ, ಅಡುಗೆಮನೆಯ ಮೇಜಿನ ಮೇಲೆ ಅಂಗಡಿ ತೆರೆದರು. ಫೋನಿನೊಳಗಿಂದ ವಾಸನೆ ಆಚೆಗೂ ಹೋಗುವುದಿಲ್ಲ, ಈಚೆಗೂ ಬರುವುದಿಲ್ಲ. ಇನ್ನೇನು ಬೇಕು?

ಆದರೂ ಹುಡುಗರು ಬಿಡಲಿಲ್ಲ. "ಸರ್, ನೀವು ಕಣ್ಣ ಮುಚ್ಚಿ ಹೇಳೂದ ನೋಡಬೇಕ್ರಿ" ಎಂದು ದುಂಬಾಲು ಬಿದ್ದು, ಹೆಸರು ಬರೆಯದ ಬಾಟಲಿಗಳನ್ನು ಅದೇ ಹಾಲಿನ ಗಾಡಿಯಲ್ಲಿ ಕಳಿಸತೊಡಗಿದರು. ಹೊಸದಾಗಿ ಸೇರಿದವರಿಗೂ ಆ ಮೂಗಿನ ಕಥೆ ಮುಟ್ಟಿತ್ತು. ಸರ್‌ಗೆ ಆಗ ಹೊಳೆದದ್ದು ತುಳಸಾಬಾಯಿ.

ಕ್ಯಾಮೆರಾಕ್ಕೆ ಕಾಣದಂತೆ, ಸರ್ ಎಡಗಡೆ ಮೇಜಿಗೆ ತಾಗಿಸಿ ಅವಳ ಮಣೆ ಬಂತು. ಅವಳಿಗೆ ಲವಣದ ಹೆಸರು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಂದ ವಾಸನೆಗೆ ತಕ್ಕ ಸನ್ನೆ ಮಾಡಿದರೆ ಸಾಕು. ಹುಳಿ ವಾಸನೆಗೆ ನಿಂಬೆಹಣ್ಣು ಎತ್ತಬೇಕು. ಸಿಹಿಗೆ ಬೆಲ್ಲದ ಹೆಂಟೆ. ಬಸ್ ಸ್ಟ್ಯಾಂಡಿನಲ್ಲಿ ಕುಡಿದವರು ಪಕ್ಕದಲ್ಲಿ ಹಾದಾಗ ಬರುವಂಥ ವಾಸನೆಗೆ ಲೋಟ ಬೋರಲು. ಕೊಳೆತದ್ದು, ಹಳಸಿದ್ದು, ಸಹಿಸಲಾಗದ್ದು ಏನಿದ್ದರೂ ಸೆರಗನ್ನು ಮೂಗಿಗೆ ಹಿಡಿಯಬೇಕು. ಸರ್ ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಎಡಕ್ಕೆ ನೋಡಿ, ಉಳಿದದ್ದನ್ನು ತಮ್ಮ ವಿದ್ಯೆಯಿಂದ ಜೋಡಿಸಿ ಹೇಳುತ್ತಿದ್ದರು. ಒಂದು ಸಲವೂ ತಪ್ಪಾಗಲಿಲ್ಲ. ತುಳಸಾಬಾಯಿಯ ಮೂಗು ಅಷ್ಟು ಚುರುಕು. ಇಷ್ಟು ವರ್ಷ ಗಂಡನ ಮೂಗಿಗೆ ಹೆದರಿ ಹೆದರಿ ಅವಳದ್ದೂ ಹದಕ್ಕೆ ಬಂದಿತ್ತು.

ಇಂಥ ಹೆಂಡತಿಯ ಮೇಲೆ ಮನುಷ್ಯನಿಗೆ ಅಕ್ಕರೆ ಹುಟ್ಟಬೇಕು. ಸರ್‌ಗೆ ಹುಟ್ಟಿದ್ದು ಸಿಟ್ಟು. ತಮ್ಮ ಮರ್ಯಾದೆ ಈಗ ಒಂದು ನಿಂಬೆಹಣ್ಣಿನ ಮೇಲೆ ನಿಂತಿದೆ, ಆ ನಿಂಬೆಹಣ್ಣು ಇವಳ ಕೈಯಲ್ಲಿದೆ ಎಂಬುದು ಅವರಿಗೆ ನುಂಗಲಾರದ ತುತ್ತಾಯಿತು. ಪಾಠ ಮುಗಿದ ಮೇಲೆ, "ಕೈ ಎತ್ತಲಿಕ್ಕೆ ಇಷ್ಟೊತ್ತು ಬೇಕೇನು? ನಿದ್ದಿ ಮಾಡ್ತಿದ್ದೇನು?" ಎಂದು ಬೈಯುತ್ತಿದ್ದರು. ತಾಟನ್ನು ಈಗಲೂ ಮೂಗಿನ ಹತ್ತಿರ ಎತ್ತುತ್ತಿದ್ದರು, ಏನೂ ಬಾರದಿದ್ದರೂ ಮುಖ ಸಿಂಡರಿಸುತ್ತಿದ್ದರು. ತುಳಸಾಬಾಯಿ ಅದನ್ನೂ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಪಾಠದ ನಡುವೆ ಹಾಲಿನ ಗಾಡಿ ಹಾರ್ನ್ ಹೊಡೆಯಿತು. "ಹೋಗು, ಹುಡುಗೂರು ಏನೋ ಕಳಿಸ್ಯಾರ, ಇಸಕೊಂಡು ಬಾ" ಎಂದು ಸರ್ ಪಿಸುಗುಟ್ಟಿ ಕಳಿಸಿದರು. ಒಲೆಯ ಮೇಲೆ ಹಾಲು ಇತ್ತು. ಅವಳು ಗೇಟಿನ ಹತ್ತಿರ ಗಾಡಿಯವನೊಂದಿಗೆ ಚೀಲ ಬಿಡಿಸುತ್ತಿರುವಾಗ ಹಾಲು ಉಕ್ಕಿತು, ಇಂಗಿತು, ತಳ ಹಿಡಿದು ಕರಿಯಾಯಿತು. ಸರ್ ಅದಕ್ಕೆ ಬೆನ್ನು ಮಾಡಿ ಕೂತು ವಾಸನೆಯ ಮಹತ್ವದ ಬಗ್ಗೆಯೇ ಹೇಳುತ್ತಿದ್ದರು. ಫೋನಿನಲ್ಲಿ ಹುಡುಗರಿಗೆ ಸರ್ ತಲೆಯ ಹಿಂದೆ ಹೊಗೆ ಏಳುವುದು ಕಾಣುತ್ತಿತ್ತು.

"ಸರ್, ಹಿಂದ ಹೊಗಿ ಬರಾಕತ್ತೈತ್ರಿ" ಎಂದಳು ಒಬ್ಬಳು. ಪ್ರೀತಿಯ ದನಿ. ಆಮೇಲೆ ಅವಳೇ, ಮೆಲ್ಲಗೆ, "ವಾಸನಿ ಬರಲಿಲ್ಲೇನ್ರಿ ಸರ್?" ಎಂದಳು.

ಸರ್ ತಿರುಗಿ ನೋಡುವಷ್ಟರಲ್ಲಿ ತುಳಸಾಬಾಯಿ ಓಡಿ ಬಂದು ಬರಿಗೈಯಲ್ಲೇ ಪಾತ್ರೆ ಇಳಿಸಿದಳು, ಬೆರಳು ಸುಟ್ಟುಕೊಂಡಳು. ಅವಳನ್ನು ಕಂಡದ್ದೇ ಸರ್‌ಗೆ ದಾರಿ ಸಿಕ್ಕಿತು.

"ಈಗ ಬಂತೇನು ಎಚ್ಚರ? ಅರ್ಧಾ ತಾಸಿನಿಂದ ಹೊತ್ತಿದ ವಾಸನಿಗೆ ನನ್ನ ಮೂಗು ಸುಡ್ಲಿಕ್ಕತ್ತದ. ಯಾವಾಗ ಗೊತ್ತಾಗ್ತದ ಈಕಿಗೆ, ನೋಡೂಣು ಅಂತ ಸುಮ್ಮ ಕೂತಿದ್ದೆ!" ಎಂದು ಕೂಗಿದರು. ಆಮೇಲೆ ಫೋನಿನ ಕಡೆ ತಿರುಗಿ ನಕ್ಕರು. "ನೋಡ್ರಿ, ನಮ್ಮ ಮನ್ಯಾಗೂ ಒಬ್ಬಾಕಿ ಇದ್ದಾಳ, ಮೂಗಿಲ್ಲದಾಕಿ. ಪ್ರೀತೀ, ನಿನಗ ಜೋಡಿ ಸಿಕ್ಕಳು ನೋಡು."

ಊರೂರಿನ ಅಡುಗೆಮನೆಗಳಲ್ಲಿ ಹುಡುಗರು ಹೊಟ್ಟೆ ಹಿಡಿದು ನಕ್ಕರು. ತುಳಸಾಬಾಯಿ ಬೆರಳನ್ನು ನೀರಲ್ಲಿ ಅದ್ದಿಕೊಂಡು ನಿಂತಿದ್ದಳು. ನಗು ಅವಳಿಗೆ ಪೂರ್ತಿ ಕೇಳಿಸಿತು.

ಸಂಜೆ ಸರ್ ತಾವಾಗಿಯೇ, "ಹಂಗ ಅನ್ನಲಿಲ್ಲಂದ್ರ ಆ ಹುಡುಗಿಗೆ ಸಂಶೆ ಬರ್ತಿತ್ತು. ತಿಳೀತಿಲ್ಲೋ?" ಎಂದರು. ಅವರ ಮಟ್ಟಿಗೆ ಅದೇ ಕ್ಷಮೆ.

"ತಿಳೀತ್ರಿ," ಎಂದಳು ತುಳಸಾಬಾಯಿ. ಸುಟ್ಟ ಬೆರಳಿಗೆ ಎಣ್ಣೆ ಸವರಿಕೊಳ್ಳುತ್ತ, "ಬ್ಯಾರೆ ಹೆಸರು ಸಿಗಲಿಲ್ಲೇನ್ರಿ?" ಎಂದಳು.

"ಬಾಯಿಗೆ ಬಂತು, ಅಂದೆ. ಅದನ್ನೇನು ಹಿಡಕೊಂಡು ಕೂಡ್ತೀ?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಸರ್ ಮರೆತರು.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಯೂ ಮನೆಯಿಂದಲೇ ಎಂದು ಮೇಲಿನಿಂದ ಆದೇಶ ಬಂತು. ಕೊನೆಯ ವರ್ಷದವರಿಗೆ ಮನೆಯಲ್ಲೇ ಏನು ಮಾಡಿಸಬಹುದು ಎಂದು ಯೋಚಿಸಿ ಸರ್ ಒಂದು ಒಳ್ಳೆಯ ಉಪಾಯ ತೆಗೆದರು. ಇದನ್ನು ಒಪ್ಪಲೇಬೇಕು, ಮಾಸ್ತರಿಕೆ ಅವರಿಗೆ ಬರುತ್ತಿತ್ತು. ಈ ಸೀಮೆಯಲ್ಲಿ ಕಬ್ಬಿಗೇನು ಕಡಿಮೆ? ಎಲ್ಲರೂ ಕಬ್ಬಿನ ಹಾಲು ತಂದು, ಹುಳಿ ಹಿಡಿಸಿ, ವಿನೆಗರ್ ಮಾಡಬೇಕು. ಕೆಮ್ಮಿನ ಔಷಧದ ಕಂದು ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ಮೇಣದಬತ್ತಿ ಕರಗಿಸಿ ಬಿಗಿದು, ಹೆಸರಿನ ಚೀಟಿ ಅಂಟಿಸಿ ಹಾಲಿನ ಗಾಡಿಗೆ ಕೊಡಬೇಕು. ಸರ್ ಅವನ್ನು ಹೊರಗಿನ ಪರೀಕ್ಷಕರ ಕಣ್ಣೆದುರು ಒಡೆದು, ಮೂಸಿ, ಹದ ಹೇಳಬೇಕು. ಮೊದಲೇ ಒಡೆದು ಹೆಂಡತಿಗೆ ಮೂಸಲು ಕೊಡುವ ಆಸೆ ಸರ್‌ಗೆ ಬಾರದೆ ಇರಲಿಲ್ಲ. ಆದರೆ ಮೇಣ ಒಡೆದದ್ದು ಕ್ಯಾಮೆರಾದಲ್ಲಿ ಕಾಣುತ್ತದೆ. ಇರಲಿ, ನಿಂಬೆಹಣ್ಣು ಇದೆಯಲ್ಲ!

ಪರೀಕ್ಷಕರಾಗಿ ಬಂದವರು ಮುಧೋಳದ ಗಿರಮಲ್ಲಪ್ಪ. ಫೋನಿನಲ್ಲಿ ಮುಖ ತೋರಿಸಿದ್ದೇ, "ನಿಮ್ಮ ಮೂಗಿನ ಸುದ್ದಿ ಭಾಳ ಕೇಳೇನ್ರಿ ಸರ್. ಇವತ್ತ ಕಣ್ಣಲೆ ನೋಡೂ ಭಾಗ್ಯಾ" ಎಂದರು. ಸರ್ ಕೋಟು ಹಾಕಿಕೊಂಡಿದ್ದರು. ಎಡಕ್ಕೆ ಮಣೆಯ ಮೇಲೆ ತುಳಸಾಬಾಯಿ, ಅವಳ ಮುಂದೆ ನಿಂಬೆಹಣ್ಣು, ಬೆಲ್ಲ, ಲೋಟ.

ಮೊದಲ ಬಾಟಲಿ ಮಹಾಲಿಂಗಪುರದ ಬಸವಕುಮಾರನದು. ಬೆಲ್ಲ ಎದ್ದಿತು. "ಏನಪಾ, ಹುಳಿ ಹಿಡಿಲಿ ಅಂತ ಹೊರಗ ಇಟ್ಟಿದ್ದಿಯೋ, ಕೆಡಬಾರದು ಅಂತ ಫ್ರಿಜ್ಜಿನಾಗ ಇಟ್ಟಿದ್ದಿಯೋ?" ಎಂದರು ಸರ್. ಹುಡುಗ ತಲೆ ತಗ್ಗಿಸಿ, "ಫ್ರಿಜ್ಜಿನಾಗರಿ" ಎಂದ. ಗಿರಮಲ್ಲಪ್ಪ ಭಲೇ ಎಂದರು. ಎರಡನೆಯದು ಚಿಮ್ಮಡದ ಅಕ್ಷತಾಳದು. ಲೋಟ ಬೋರಲಾಯಿತು. "ಗಾಳಿ ಆಡಲಿಕ್ಕೆ ಬಿಟ್ಟಿಲ್ಲ ನೀ. ಇದನ್ನ ಮಾರಿದ್ರ ಪೊಲೀಸರು ಬರ್ತಾರ" ಎಂದರು. ಎಲ್ಲರೂ ನಕ್ಕರು. ಸರ್‌ಗೆ ಹಳೆಯ ದಿನಗಳು ತಿರುಗಿ ಬಂದಂತಾಯಿತು. ತಮ್ಮ ಮೂಗೇ ಕೆಲಸ ಮಾಡುತ್ತಿದೆ ಎಂದು ಅವರಿಗೂ ಅರೆಗಳಿಗೆ ಅನಿಸಿತು.

ಪ್ರೀತಿಯ ಹೆಸರಿನ ಬಾಟಲಿ ಎತ್ತಿಕೊಂಡಾಗ ಅವಳು ಆಗಲೇ ಕೈ ಎತ್ತಿದ್ದಳು. "ಸರ್, ಒಂದ ಮಾತರಿ. ಆ ಬಾಟ್ಲಿ—"

"ಒಡಿಯೂಕಿಂತ ಮೊದಲಽ ನೆವಾ ಶುರು ಆತು," ಎಂದು ಸರ್ ಅವಳ ದನಿ ಬಂದ್ ಮಾಡಿದರು. ತೆರೆಯ ಮೇಲೆ ಅವಳ ಬಾಯಿ ಅಲ್ಲಾಡುತ್ತಿತ್ತು, ಕೈ ಬೇಡ ಬೇಡ ಎನ್ನುತ್ತಿತ್ತು. ಸರ್ ನೋಡಿದರೂ ನೋಡದಂತೆ ಮೇಣ ಕೆರೆದು ಮುಚ್ಚಳ ತಿರುವಿದರು. ಕಣ್ಣು ಮುಚ್ಚಿ, ಕೈಯಿಂದ ಗಾಳಿ ಬೀಸಿಕೊಂಡು, ರೆಪ್ಪೆಯ ಸಂದಿಯಿಂದ ಎಡಕ್ಕೆ ನೋಡಿದರು.

ತುಳಸಾಬಾಯಿ ತಕ್ಷಣ ಕೈ ಎತ್ತಲಿಲ್ಲ. ತೆರೆಯ ಮೇಲೆ ಒದ್ದಾಡುತ್ತಿದ್ದ ಹುಡುಗಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ನಿಂಬೆಹಣ್ಣು ಎತ್ತಿದಳು.

ಸರ್‌ಗೆ ಸ್ವಲ್ಪ ನಿರಾಸೆಯೇ ಆಯಿತು. ಇವಳದ್ದು ಕೊಳೆತಿದ್ದರೆ ಚೆನ್ನಾಗಿತ್ತು. ಆದರೂ ಹೊಗಳಿಕೆಯನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳಬಹುದಲ್ಲ. "ಆಹಾ! ಗಿರಮಲ್ಲಪ್ಪನವರ, ಇದು ನೋಡ್ರಿ ವಿನೆಗರ್. ಏನು ಹುಳಿ, ಏನು ಘಾಟು! ಮೂಗಿನ ಹೊಳ್ಳಿ ಅರಳಿದವು. ಈ ಹುಡುಗಿಗೆ ನಾವು ಮೂಗಿಲ್ಲದಾಕಿ ಅಂತಿದ್ವಿ. ಮೂಗಿಲ್ಲದಾಕಿ ಕೈಲೆ ಇಂಥಾದ್ದು ಮಾಡಿಸೂದು ಅಂದ್ರ ಕಲಿಸೂದು ಇದಕ್ಕ ಅಂತಾರ" ಎಂದು ಎದೆಯುಬ್ಬಿಸಿ, "ಏನು ಹೇಳೂದಿತ್ತವಾ, ಈಗ ಹೇಳು" ಎಂದು ಅವಳ ದನಿ ಬಿಟ್ಟರು.

ಪ್ರೀತಿ ಕೈ ಬೀಸುವುದನ್ನು ನಿಲ್ಲಿಸಿದ್ದಳು. ಸರ್ ಬಾಟಲಿ ಹೊಗಳುತ್ತಿದ್ದಷ್ಟು ಹೊತ್ತೂ ಕಣ್ಣು ಅಗಲಿಸಿ ಅವರನ್ನೇ ನೋಡಿದ್ದಳು. ಈಗ ಅವಳ ಕೈಯಲ್ಲಿ ಇನ್ನೊಂದು ಅಂಥದ್ದೇ ಕಂದು ಬಾಟಲಿಯಿತ್ತು.

"ಸರ್, ನನ್ನ ವಿನೆಗರ್ ಇಲ್ಲೇ ಐತ್ರಿ. ನಿನ್ನೆ ಗಾಡಿ ಹಾರ್ನ್ ಹೊಡದಾಗ ನಮ್ಮವ್ವ ಗಡಿಬಿಡಿಯಾಗ ಬಾಜೂಕಿನ ಬಾಟ್ಲಿಗೆ ಚೀಟಿ ಅಂಟಿಸಿ ಮೇಣಾ ಹಾಕಿ ಕಳಸ್ಯಾಳ್ರಿ. ಮಗ್ಗದ ಜಿಡ್ಡ ತೊಳಿಯಾಕ ಇಟ್ಟಿದ್ದರಿ ಅದು. ಚಿಮಣಿ ಎಣ್ಣಿರಿ ಸರ್."

ಗಿರಮಲ್ಲಪ್ಪ ಫೋನಿಗೆ ಮುಖ ಹತ್ತಿರ ತಂದು, "ಸರ್, ಇನ್ನೊಮ್ಮೆ ಮೂಸಿ ನೋಡ್ರಿ. ಚಿಮಣಿ ಎಣ್ಣಿ ಅಂದ್ರ ಮನಿತುಂಬ ನಾರಬೇಕಲ್ರಿ" ಎಂದರು.

ಸರ್ ಬಾಟಲಿಯನ್ನು ಮೂಗಿಗೇ ಒತ್ತಿಕೊಂಡು ಎಳೆದರು. ಏನೂ ಇಲ್ಲ. ಬಾವಿಯೊಳಗೆ ಮೂಗು ಇಟ್ಟಂತೆ, ಬರೀ ತಂಪು. ಈ ಸಲ ರೆಪ್ಪೆಯ ನಾಟಕವೂ ನೆನಪಾಗಲಿಲ್ಲ. ಕಣ್ಣು ಬಿಟ್ಟುಕೊಂಡೇ ಎಡಕ್ಕೆ ತಿರುಗಿದರು. ಎಲ್ಲ ಹುಡುಗರಿಗೂ ಅದು ಕಂಡಿತು.

ತುಳಸಾಬಾಯಿಯ ನಿಂಬೆಹಣ್ಣು ಮೊದಲಿಗಿಂತ ಎತ್ತರದಲ್ಲಿತ್ತು. ಸುಟ್ಟ ಕಲೆಯಿದ್ದ ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿದಿದ್ದವು.

ಸರ್ ಒಂದು ಗಳಿಗೆಯಲ್ಲಿ ಎಲ್ಲ ತೂಗಿದರು. ಹುಡುಗಿಗೆ ಹೊಗೆಯ ದಿನದಿಂದ ಅನುಮಾನವಿದೆ, ಇವತ್ತು ಪರೀಕ್ಷೆ ಮಾಡುತ್ತಿದ್ದಾಳೆ. ತುಳಸಾಬಾಯಿಯ ಮೂಗು ಒಮ್ಮೆಯೂ ತಪ್ಪಿಲ್ಲ. ಇಡೀ ಜನ್ಮದಲ್ಲಿ ಅವರು ಹೆಂಡತಿಯ ಮಾತನ್ನು ಪೂರ್ತಿ ನಂಬಿದ್ದು ಅದೊಂದೇ ಸಲ.

"ನನ್ನ ಮೂಗಿಗೆ ಪರೀಕ್ಷಾ ಮಾಡ್ತೀಯೇನು?" ಎಂದು ಗುಡುಗಿದರು. "ಸುಳ್ಳು ಹೇಳಿ ಮಾಸ್ತರ ಮರ್ಯಾದಿ ತಗೀಲಿಕ್ಕೆ ಕೂತೀ ಏನು? ಇದು ವಿನೆಗರ್. ಬೇಕಾದ್ರ ಬರದು ಕೊಡ್ತೇನಿ."

"ಹಂಗಾರ ವಾದಾ ಯಾಕ್ರಿ," ಎಂದರು ಗಿರಮಲ್ಲಪ್ಪ. "ದೇವರಮನ್ಯಾಗ ಬತ್ತಿ ಇರ್ತಾವಲ್ರಿ. ಒಂದ ಅದ್ದಿ ಕಡ್ಡಿ ಗೀರ್ರಿ. ವಿನೆಗರ್ ಇದ್ರ ಹತ್ತೂದಿಲ್ಲ."

ಸರ್ ಏಳಬೇಕಾಗಲಿಲ್ಲ. ಎಡಗಡೆಯಿಂದ ಒಂದು ಕೈ ಬಂತು. ಹಸಿರು ಬಳೆಯ ಕೈ, ಕ್ಯಾಮೆರಾ ಎದುರಿನ ಮೇಜಿಗೆ ಮೊದಲ ಬಾರಿಗೆ. ಅದು ಮೇಜಿನ ಮೇಲೆ ಒಂದು ಹಿತ್ತಾಳೆ ತಟ್ಟೆಯಿಟ್ಟಿತು. ತಟ್ಟೆಯಲ್ಲಿ ಹತ್ತಿಯ ಬತ್ತಿ, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಮೂರನ್ನೂ ಅಚ್ಚುಕಟ್ಟಾಗಿ ಇಟ್ಟು ಕೈ ಹಿಂದೆ ಸರಿಯಿತು.

ಸರ್ ಬತ್ತಿ ಅದ್ದಿದರು, ಕಡ್ಡಿ ಗೀರಿದರು. ಸೀಮೆಎಣ್ಣೆಯ ಬತ್ತಿ ಭಗ್ಗೆಂದು ಹೊತ್ತಿತು. ಕರಿ ಹೊಗೆ ಎದ್ದು ಅವರ ಮುಖಕ್ಕೇ ಬಂತು. ಅವರು ಅದರೊಳಗೆ ಮೂಗು ಇಟ್ಟುಕೊಂಡೇ ಕೂತಿದ್ದರು, ಮುಖ ಕೂಡ ಹಿಂದೆ ಎಳೆದುಕೊಳ್ಳಲಿಲ್ಲ.

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಆಮೇಲೆ ಬನಹಟ್ಟಿ, ಚಿಮ್ಮಡ, ಮಹಾಲಿಂಗಪುರ, ಬೀಳಗಿ ಎಲ್ಲ ಸೇರಿ ನಕ್ಕವು. ಪ್ರೀತಿ ನಗಲಿಲ್ಲ. ತನ್ನ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಸರ್, ವಿನೆಗರ್ ವಾಸನಿ ಹಿಂಗ ಇರತೈತ್ರಿ" ಎಂದು ಬಾಟಲಿಯನ್ನು ಕ್ಯಾಮೆರಾದ ಹತ್ತಿರ ತಂದು, ಮೂಸಲು ಕೊಡುವಂತೆ ಹಿಡಿದಳು.

ಎಲ್ಲಕ್ಕಿಂತ ಕೆಟ್ಟದ್ದನ್ನು ಮಾಡಿದವರು ಗಿರಮಲ್ಲಪ್ಪ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಎಲ್ಲರೂ ಕೇಳುವಂತೆ, ರೋಗಿಯನ್ನು ಮಾತಾಡಿಸುವ ದನಿಯಲ್ಲಿ, "ಮೂಗು ಯಾವಾಗ ಹೋತ್ರಿ ಸರ್?" ಎಂದು ಕೇಳಿದರು.

ಯಾರೋ ಅದನ್ನೆಲ್ಲ ಹಿಡಿದಿಟ್ಟುಕೊಂಡಿದ್ದರು. ಸರ್ ಕೋಟು ಬಿಚ್ಚುವಷ್ಟರಲ್ಲಿ ಬತ್ತಿ ಹೊತ್ತಿದ ಆ ವಿಡಿಯೋ ತುಣುಕು ಅವರ ಫೋನಿಗೇ ತಿರುಗಿ ಬಂತು. ಕೆಳಗೆ ಯಾರೋ ಬರೆದಿದ್ದರು, ಮೂಗಿಲ್ಲದ ಸರ್. ಪ್ರಿನ್ಸಿಪಾಲರು ಫೋನ್ ಮಾಡಿ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಪರೀಕ್ಷೆಯನ್ನು ಬೇರೆಯವರು ಮುಗಿಸುತ್ತಾರೆ ಎಂದರು.

ಸರ್ ಅಡುಗೆಮನೆಯ ಬಾಗಿಲಲ್ಲಿ ನಿಂತರು. ತುಳಸಾಬಾಯಿ ಮಣೆ, ಲೋಟ, ಬೆಲ್ಲ ಎಲ್ಲ ಎತ್ತಿಟ್ಟು ಮೇಜು ಒರೆಸುತ್ತಿದ್ದಳು.

"ನಿನಗ ಚಿಮಣಿ ಎಣ್ಣಿ ವಾಸನಿ ಬರಲಿಲ್ಲೇನು?" ಎಂದರು.

"ನನಗ ಹೆಂಗ ಬರಬೇಕ್ರಿ?" ಎಂದಳು ಅವಳು, ಒರೆಸುವುದನ್ನು ನಿಲ್ಲಿಸದೆ. "ಮೂಗಿಲ್ಲದಾಕಿಗೆ?"

ಮೇಜು ಒರೆಸಿ ಮುಗಿಸಿ ಅವಳು, "ಊಟಕ್ಕ ಏಳ್ರಿ, ಹೊತ್ತಾತು" ಎಂದಳು.

ತಾಟು ಬಂತು. ಭಕ್ಕರಿ, ಬದನೆಕಾಯಿ ಪಲ್ಯ, ಬಟ್ಟಲಲ್ಲಿ ಸಾರು. ಇಷ್ಟು ವರ್ಷದ ರೂಢಿ, ಸರ್ ಕೈ ತಾನಾಗಿಯೇ ಬಟ್ಟಲನ್ನು ಮೂಗಿನ ತನಕ ಎತ್ತಿತು. ಎತ್ತಿದ ಮೇಲೆ ಇಳಿಸಲು ತೋಚದೆ ಹಾಗೇ ಹಿಡಿದುಕೊಂಡರು. ಸಾರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಬಿಸಿಯ ಗುಳ್ಳೆಯೋ, ನಿನ್ನೆಯ ಸಾರಿನ ಗುಳ್ಳೆಯೋ ಗೊತ್ತಾಗಲಿಲ್ಲ.

"ತುಳಸಾ, ಸಾರು... ಹಳಸಿಲ್ಲಲ್ಲ?"

"ಇಲ್ರಿ. ಛಲೋ ಅದ. ಉಣ್ರಿ."

ಸರ್ ತಲೆಯೆತ್ತಿ ನೋಡಿದರು. ತುಳಸಾಬಾಯಿ ಎಂದಿನಂತೆ ಪಕ್ಕಕ್ಕೆ ನಿಂತು ಅವರ ಮೂಗನ್ನೇ ನೋಡುತ್ತಿದ್ದಳು. ಅವಳು ಸೆರಗನ್ನು ಮೂಗಿಗೆ ಹಿಡಿದಿದ್ದಳು.

"ಉಣ್ರಿ," ಎಂದಳು ಇನ್ನೊಮ್ಮೆ, ಸೆರಗಿನ ಒಳಗಿಂದಲೇ.

ಸರ್ ಭಕ್ಕರಿ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡರು.